ಮಾಜಿವಾಡಾ ಸಿಗುವ ಮುಂಚೆ

೧
ಹೇಗೆ ಶುರು ಮಾಡಲಿ? ಇಂಜಿನ್ ಆಯಿಲಿಗೆ ಬೆರೆಸುವ ಆ ಬಾಟ್ಲಿಯಿಂದ ಶುರು ಮಾಡಿದರೆ ಜಾಹೀರಾತಾಗುತ್ತದೆ. ಹರಿಣಾಕ್ಷಿಯ ಸಾವಿನಿಂದ ಶುರು ಮಾಡಿದರೆ ನೀವು ಅಳುತ್ತೀರಿ, ನಾನು ಕೃತಾರ್ಥನಾಗುತ್ತೇನೆ. ಅಂಥ ಅಗ್ಗದ ಕೆಲಸ ನನಗೆ ಬೇಡ. (ಬೇಡ ಎನ್ನುತ್ತಲೇ ಸಾವನ್ನು ಹೇಳಿಬಿಟ್ಟೆ. ನನ್ನ ಯೋಗ್ಯತೆ ಇಷ್ಟೇ.)

೨
ಉಡುಪಿ ಕಡೆಯ ಹರಿಶ್ಚಂದ್ರನಿಗೆ ಡೊಂಬಿವಲಿಯಲ್ಲಿ ಸಣ್ಣ ವೆಜ್ ಹೋಟೆಲು. ಹಳೆಯ ಕಾರಿನ ಇಂಜಿನ್ ಟಕಟಕ ಎನ್ನತೊಡಗಿದಾಗ ಗ್ಯಾರೇಜಿನ ಜಯೇಶ್, "ಇಂಜಿನ್ ಖೋಲ್ನಾ ಪಡೇಗಾ, ಸೇಠ್" ಎಂದ. ಇಂಜಿನ್ ಬಿಚ್ಚಿಸಲು ಸೇಠ್ ಒಪ್ಪಲಿಲ್ಲ. ಊಟದ ರಶ್ಶಿನಲ್ಲಿ ಸಾಂಬಾರು ನೀರಾದರೆ ಯಾರೂ ಹೊಸದಾಗಿ ಬೇಯಿಸಲು ಕೂರುವುದಿಲ್ಲ. ಅಕ್ಕಿಹಿಟ್ಟು ಕಲಸಿ ಹೊಯ್ದರೆ ಮಂದವಾಗುತ್ತದೆ, ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಇಂಜಿನ್ನಿಗೂ ಅದೇ ನ್ಯಾಯ ಎಂದುಕೊಂಡು, ಆಯಿಲನ್ನು ದಪ್ಪ ಮಾಡುವ ಬಾಟ್ಲಿಯೊಂದನ್ನು ಉಲ್ಹಾಸನಗರದಿಂದ ತಂದು ಸುರಿದ. ಶಬ್ದ ನಿಂತಿತು.

"ಈಗ ಎಷ್ಟು ಚಂದ ಓಡ್ತದೆ ನೋಡಿ" ಎಂದು ಹೆಂಡತಿ ಹರಿಣಾಕ್ಷಿಯೂ ಹೊಗಳಿದಳು.

೩
(ಇಲ್ಲಿ ರಸಾಯನಶಾಸ್ತ್ರ ಕೊರೆದು ನನ್ನ ಪಾಂಡಿತ್ಯ ಮೆರೆದಿದ್ದೆ. ಹರಿದು ಹಾಕಿದ್ದೇನೆ. ಇಂಥದ್ದನ್ನು ಬೆರೆಸಿದರೆ ಇಂಜಿನ್ನಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಯೂಟ್ಯೂಬಿನಲ್ಲಿ ದಿನವಿಡೀ ಕಿತ್ತಾಡುತ್ತಿರುತ್ತಾರೆ. ಬೇಕಾದವರು ಅಲ್ಲಿಗೆ ಹೋಗಿ.)

೪
ಒಂದು ಬೆಳಗ್ಗೆ ಹರಿಣಾಕ್ಷಿಗೆ ಎದೆನೋವು ಬಂತು. ಮಗಳು ಅಮಿತಾ ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಹೊರಟಿದೆ, ಕಾಯೋಣ ಎಂದು ಅಪ್ಪನನ್ನು ತಡೆದಳು.

"ಪಪ್ಪಾ, ರುಕೋ ನಾ. ನಿಕಲ್ ಗಯೀ ಹೈ ಉಧರ್ ಸೇ."

"ಅದು ಬರುವಷ್ಟರಲ್ಲಿ ನಾವು ಥಾಣೆಯ ಆಸ್ಪತ್ರೆ ಮುಟ್ತೇವೆ ಮಗಾ. ಗಾಡಿ ಈಗ ಫಸ್ಟ್‌ಕ್ಲಾಸ್ ಉಂಟು."

ಥಾಣೆಯ ಮಾಜಿವಾಡಾ ಜಂಕ್ಷನ್ ಸಿಗುವ ಮುಂಚೆ, ರಸ್ತೆಯ ನಟ್ಟನಡುವೆ ಇಂಜಿನ್ ಜಾಮ್ ಆಯಿತು. ಹಿಂದಿನ ಸೀಟಿನಲ್ಲಿ, ಮಗಳ ತೊಡೆಯ ಮೇಲೆ ಹರಿಣಾಕ್ಷಿ ತೀರಿಕೊಂಡಳು. ಹಿಂದಿನ ಗಾಡಿಗಳವರು ಹಾರ್ನ್ ಹೊಡೆಯುತ್ತಲೇ ಇದ್ದರು. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಯಿತು, ತಮಾಷೆ ಮಾಡುತ್ತಿಲ್ಲ.

೫
ಅಮಿತಾ ಅಪ್ಪನೊಡನೆ ಮಾತು ಬಿಟ್ಟಿದ್ದಾಳೆ. ಇಂಜಿನ್ ನಿಂತದ್ದು ಆ ಬಾಟ್ಲಿಯಿಂದಲೋ ಅಲ್ಲವೋ, ಅವಳಿಗೆ ತಿಳಿಯಲೇಬೇಕು. ನನ್ನ ಬಳಿ ಎರಡು ಅಂತ್ಯಗಳಿವೆ.

ಕ) ಇಂಜಿನ್ ಬಿಚ್ಚಿದಾಗ, ಆ ಮಂದ ಆಯಿಲೇ ಒಳಗಿನ ದಾರಿ ಕಟ್ಟಿದ್ದು ಕಾಣುತ್ತದೆ.

ಖ) ಇಂಜಿನ್ ಎಂದೋ ಸತ್ತಿತ್ತು. ಅಷ್ಟು ದೂರವಾದರೂ ಎಳೆದು ತಂದದ್ದು ಆ ಬಾಟ್ಲಿಯೇ.

ನಾನು 'ಖ' ಆರಿಸಿದೆ. ಲೇಖಕನಿಗೂ ಕರುಣೆ ಇರುತ್ತದೆ ಸ್ವಾಮಿ. ಆದರೆ ಹರಿಶ್ಚಂದ್ರ ಹಾಳೆಯೊಳಗಿಂದಲೇ ತಗಾದೆ ತೆಗೆದ.

"ಅದು ಬೇಡ ಮಾರಾಯ್ರೆ. ಶಬ್ದ ಇದ್ದಿದ್ರೆ ನಾನು ಆ ಗಾಡಿ ತೆಗೀತಿದ್ನಾ? ಆಂಬುಲೆನ್ಸಿಗೆ ಕಾಯ್ತಿದ್ದೆ. ಒಳಗೆ ಎಂತ ಸಿಕ್ಕಿದ್ರೂ ನನಗೆ ಬಿಡುಗಡೆ ಇಲ್ಲ."

"ಹಾಗಾದರೆ 'ಕ' ಬರೆಯಲೇ?"

"ಎರಡೂ ಬೇಡ. ಬಿಚ್ಚುದೇ ಬೇಡ ಅಂತ ಬರೀರಿ. 'ಖ' ಅಂತ ಆದ್ರೆ ಅಮಿತಾ ನನ್ನ ಹತ್ರ ಪ್ರೀತಿಲಿ ಮಾತಾಡ್ತಾಳೆ. ಅದನ್ನು ಕೇಳುವ ಧೈರ್ಯ ನನಗಿಲ್ಲ."

೭
(ಆರನೆಯದರಲ್ಲಿ ಕಾರು ನಿಲ್ಲದೆ ಆಸ್ಪತ್ರೆ ಮುಟ್ಟಿತ್ತು. ನಾನೇ ನಂಬಲಿಲ್ಲ, ತೆಗೆದೆ.)

ಈಗ ಗ್ಯಾರೇಜು. ಜಯೇಶ್ ಬೋಲ್ಟು ಬಿಚ್ಚುವ ಪಾನಾ ಹಿಡಿದು ನಿಂತಿದ್ದಾನೆ. ಅಪ್ಪ, ಮಗಳು ಬಾನೆಟ್ಟಿನ ಆಚೆ ಒಬ್ಬರು, ಈಚೆ ಒಬ್ಬರು. ಹರಿಶ್ಚಂದ್ರ ಕೇಳಿಕೊಂಡಂತೆ, ಜಯೇಶ್ ಪಾನಾ ಕೆಳಗಿಟ್ಟ ಎಂದು ಬರೆದೆ. ಅಮಿತಾ ನೇರ ನನ್ನ ಕಡೆಗೇ ತಿರುಗಿದಳು.

"ಅಂಕಲ್, ಆಪ್ ಬೀಚ್ ಮೇ ಮತ್ ಆಓ. ಮಮ್ಮಿ ಮೇರೀ ಥೀ. ಜಯೇಶ್ ಭಾಯ್, ಖೋಲೋ."

ಸತ್ತದ್ದು ಅವಳ ಅಮ್ಮನಂತೆ, ನಾನು ನಡುವೆ ಬರಬಾರದಂತೆ. ಜಯೇಶ್ ಅವಳ ಮಾತೇ ಕೇಳಿ ಇಂಜಿನ್ ಬಿಚ್ಚಿದ. ಒಳಗೆ ಏನು ಸಿಕ್ಕಿತು ಎಂದು ನಾನು ಹೇಳುವುದಿಲ್ಲ; ಒಳಕ್ಕೆ ಬಗ್ಗಿ ನೋಡಲೇ ಇಲ್ಲ. ಹರಿಶ್ಚಂದ್ರನ ಮುಖವನ್ನಷ್ಟೇ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಮಗಳು ತಲೆ ಎತ್ತಿ "ಪಪ್ಪಾ" ಎಂದಳು. ಅವನು ಎರಡೂ ಕಿವಿ ಮುಚ್ಚಿಕೊಂಡ.