ಎರಡು ಬೊಟ್ಟು

ನಜರ್‌ಬಾದಿನ ರುದ್ರಸ್ವಾಮಿಗೆ ಅಂಬಾಸಿಡರ್ ಕಾರೆಂದರೆ ಅಂಗೈ ಗೆರೆಯಷ್ಟು ಪರಿಚಯ. ಯಾವ ಹಳೇ ಗಾಡಿ ಕೆಮ್ಮಲಿ, ಕುಂಟಲಿ, ಬಾನೆಟ್ ಎತ್ತುವ ಮೊದಲೇ ಇಂಥದೇ ರೋಗ ಎಂದುಬಿಡುತ್ತಿದ್ದ. ಕೈ ಚೆನ್ನಾಗಿತ್ತು, ಇಲ್ಲವೆನ್ನುವವರಿಲ್ಲ. ಬಾಯಿ ಮಾತ್ರ ಸ್ವಲ್ಪ ಉದ್ದ.

ಬನ್ನಿಮಂಟಪದ ಸೋಮಮ್ಮ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ತಾವೇ ಕೊಂಡ ಅಂಬಾಸಿಡರನ್ನು ತಾವೇ ಓಡಿಸುವವರು. ದಸರೆಯಲ್ಲಿ ಇವನ ಹತ್ತಿರ ರಿಪೇರಿ ಮಾಡಿಸಿಕೊಂಡು ಹೋಗಿ ವಾರದೊಳಗೆ ವಾಪಸ್ ಬಂದರು.

“ಸ್ವಾಮಿ, ಅರವತ್ತು ದಾಟುದ್ರೆ ಗಾಡಿ ನಡುಗ್ತದೆ ಕಣಪ್ಪ.”

ಗ್ಯಾರೇಜಿನ ತುಂಬ ಗಿರಾಕಿಗಳು. ರುದ್ರಸ್ವಾಮಿ ಕೂತಲ್ಲಿಂದ ಏಳಲೂ ಇಲ್ಲ. “ಹೊಸಾ ಜಾಯಿಂಟ್ ಹಾಕಿವ್ನಿ ಸಿಸ್ಟ್ರಮ್ಮ! ಗಾಡಿ ಎಲ್ಲಿ ನಡುಗ್ತದೆ? ನಿಮ್ ಕೈ ನಡುಗ್ತಿರೋದು. ವಯಸ್ಸಾಯ್ತಲ್ವಾ!” ಎಂದುಬಿಟ್ಟ. ಎಲ್ಲರೂ ಗೊಳ್ಳೆಂದು ನಕ್ಕರು. ಸೋಮಮ್ಮನೂ ನಕ್ಕು, ಗಾಡಿ ತೆಗೆದುಕೊಂಡು ಹೋದರು.

ತಿಂಗಳು ಕಳೆದು ಮತ್ತೆ ಬಂದವರು ಕೀಯನ್ನು ಮೇಜಿನ ಮೇಲಿಟ್ಟರು.

“ಯಾರಾದ್ರೂ ಒಳ್ಳೆಯವರಿಗೆ ಕೊಟ್ಬುಡಪ್ಪ. ನೀನಂದಿದ್ದೇ ನಿಜ. ನೋಡ್ತಾ ನೋಡ್ತಾ ನನ್ ಕೈ ನಡುಗ್ದಂಗೇ ಕಾಣ್ತದೆ. ಪಕ್ಕದ್ಮನೆ ಅಜ್ಜಿಗೆ ಇನ್ಸುಲಿನ್ ಚುಚ್ಚೋದೂ ನಿಲ್ಲಿಸ್ಬುಟ್ಟೆ. ಮನೇಗ್ ಬಂದೋರಿಗೆ ಕಾಫೀನೂ ಅರ್ಧ ಲೋಟಾನೇ ಕೊಡೋದು. ಚೆಲ್ಲುದ್ರೆ ನಾಚ್ಕೆ ಅಲ್ವಾ?”

“ಅಯ್ಯೋ, ತಮಾಷೆಗಂದಿದ್ದು…” ಎಂದ ರುದ್ರಸ್ವಾಮಿ. ಆ ಮಾತು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಸೋಮಮ್ಮ ಆಟೋ ಹತ್ತಿ ಹೋದರು.

ಕೂತಲ್ಲಿ ಕೂರಲಾಗದೆ ಗಾಡಿ ತೆಗೆದುಕೊಂಡು ಮಂಡಕಳ್ಳಿ ಕಡೆ ಹೊರಟ. ಮುಳ್ಳು ಅರವತ್ತು ದಾಟಿತೋ ಇಲ್ಲವೋ, ಕೂತ ಸೀಟೇ ನಡುಗಿತು. ಸ್ಟೀರಿಂಗ್ ಅಷ್ಟಾಗಿ ಅದುರುತ್ತಿರಲಿಲ್ಲ. ನಡುಕ ಬರುತ್ತಿದ್ದುದು ಕಾಲಡಿಯಿಂದ. ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್ ಮಾಡಿದ, ಆಗಲೂ ನಿಲ್ಲಲಿಲ್ಲ. ಅಂದಮೇಲೆ ಎಂಜಿನ್ನಿನದಲ್ಲ, ಮುಂದಿನ ಚಕ್ರದ್ದೂ ಅಲ್ಲ. ಉಳಿದದ್ದು ಗಾಡಿಯಡಿಯ ಶಾಫ್ಟು. ಹೊಸ ಜಾಯಿಂಟ್ ಹಾಕಲು ಅದನ್ನು ಬಿಚ್ಚಿ ಕೂಡಿಸಿದ್ದು ಅವನೇ.

ಗ್ಯಾರೇಜಿಗೆ ಬಂದವನೇ ಗಾಡಿ ಎತ್ತಿ ಅಡಿಗೆ ತೂರಿದ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಆ ಉದ್ದನೆಯ ಶಾಫ್ಟು ಎರಡು ತುಂಡು. ಹಲ್ಲಿಗೆ ಹಲ್ಲು ಸೇರಿಸಿ ಒಂದರೊಳಗೊಂದನ್ನು ತಳ್ಳಬೇಕು. ಬಿಚ್ಚುವಾಗ ಹೇಗಿತ್ತೋ ಹಾಗೇ ಕೂಡಬೇಕು, ಎರಡು ಹಲ್ಲು ಆಚೀಚೆಯಾದರೂ ಓಟದಲ್ಲಿ ನಡುಗುತ್ತದೆ. ಅದಕ್ಕೇ ಬಿಚ್ಚುವ ಮುಂಚೆ ಎರಡೂ ತುಂಡಿಗೆ ಪಂಚಿನಿಂದ ಗುರುತು ಹೊಡೆಯುವುದು. ಆದರೆ ಅವನು ಬಿಚ್ಚಿದ ದಿನ ಆಯುಧಪೂಜೆ. ಪಂಚು, ಸುತ್ತಿಗೆ ಎಲ್ಲ ಆಗಲೇ ಮಿಂದು ಚಾಮುಂಡಿ ಪಟದ ಮುಂದೆ ಕೂತಿದ್ದವು. ಹೊರಗುಳಿದದ್ದು ಒಂದು ಸ್ಪ್ಯಾನರ್. ನಮ್ಮ ಜಾಣ ಏನು ಮಾಡಿದ? ಒದ್ದೆ ಬೆರಳಲ್ಲಿ ಕುಂಕುಮ ತೆಗೆದು ಎರಡೂ ತುಂಡಿಗೆ ಒಂದೊಂದು ಬೊಟ್ಟು ಇಟ್ಟು ಬಿಚ್ಚಿದ.

ಈಗ ಗ್ರೀಸ್ ಒರೆಸಿ ನೋಡಿದರೆ ಉದ್ದನೆಯ ತುಂಡಿನ ಮೇಲೆ ಎರಡು ಬೊಟ್ಟು! ಒಂದು ಅವನ ಬೆರಳಿನದು, ಗ್ರೀಸಿನಡಿ ಮಸುಕಾಗಿತ್ತು. ಇನ್ನೊಂದು ಎರಡು ಹಲ್ಲಿನಾಚೆ, ದುಂಡಗೆ, ಲಕ್ಷಣವಾಗಿತ್ತು. ಚಿಕ್ಕ ತುಂಡಿನ ಬೊಟ್ಟನ್ನು ಅವನು ಕೂಡಿಸಿದ್ದು ಆ ಲಕ್ಷಣವಾದ ಬೊಟ್ಟಿಗೆ.

“ಪ್ರೇಮಲೀಲಾ!” ಎಂದು ಹೆಂಡತಿಯನ್ನು ಕೂಗಿದ. “ಪೂಜೆ ದಿವ್ಸ ಬಿಚ್ಚಿಟ್ಟಿದ್ದ ಈ ಶಾಫ್ಟಿಗೂ ಕುಂಕುಮ ಇಟ್ಟಿದ್ಯೇನೇ?”

“ಇಡ್ದೆ ಮತ್ತೆ? ಸ್ಪ್ಯಾನರಿಗೂ ಇಟ್ಟೆ, ಜಾಕಿಗೂ ಇಟ್ಟೆ. ಅದೊಂದುನ್ನ ಬುಡಕ್ಕಾಯ್ತದಾ? ಯಾಕ್ರೀ?”

ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡ. ತನ್ನ ತಪ್ಪನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದ್ದು ಸಾಲದೇ?

ಶಾಫ್ಟನ್ನು ಸರಿಯಾಗಿ ಕೂಡಿಸಿದ. ಗಾಡಿ ಎಪ್ಪತ್ತರಲ್ಲೂ ಸದ್ದಿಲ್ಲದೆ ಓಡಿತು. ಬನ್ನಿಮಂಟಪ ತಲುಪುವವರೆಗೆ ಮನಸ್ಸು ಒಂದೇ ಪಾಠ ಒಪ್ಪಿಸುತ್ತಿತ್ತು: ಟೈರು ಅನ್ನು, ಟೈರು ಅಂದುಬಿಡು.

“ಟೈರ್‌ದು ಒಂಚೂರು ಇತ್ತು ಸಿಸ್ಟ್ರಮ್ಮ, ಸರಿಮಾಡಿವ್ನಿ. ಗಾಡಿ ಮಾರೋದೆಲ್ಲ ಬ್ಯಾಡ,” ಎಂದ ಗೇಟಿನಲ್ಲಿ ನಿಂತು.

ಸೋಮಮ್ಮ ಕೀ ತೆಗೆದುಕೊಳ್ಳಲಿಲ್ಲ. “ಗಾಡೀದೂ ಏನೋ ಇದ್ದೀತು ಬುಡು. ಕೈದೂ ಇದೆಯಲ್ಲಪ್ಪ. ನೀನು ತಿಳಿದೋನು, ಸುಮ್ಸುಮ್ನೆ ಅಂದಿರಲ್ಲ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ರುದ್ರಸ್ವಾಮಿಗೆ. “ಸುಮ್ನೇ ಅಂದಿದ್ದು ಕಣಮ್ಮ!” ಎಂದ. ಬೊಟ್ಟಿನ ಕಥೆಯನ್ನೆಲ್ಲ ಹೇಳಿದ. “ಟೈರ್ ಅಂದಿದ್ದೂ ಸುಳ್ಳು. ತಪ್ಪು ನಂದು. ಆವತ್ತು ಗಾಡೀನೂ ನೋಡ್ಲಿಲ್ಲ, ನಿಮ್ ಕೈನೂ ನೋಡ್ಲಿಲ್ಲ. ಜನ ನಗ್ಲಿ ಅಂತ ಬಾಯಿಗ್ ಬಂದಿದ್ದು ಅಂದ್ಬುಟ್ಟೆ.”

ಸೋಮಮ್ಮ ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆಂದುಕೊಂಡ, ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಕಾಫಿ ಲೋಟ ಹಿಡಿದು ಬಂದರು. ಅಂಚಿನವರೆಗೆ ತುಂಬಿತ್ತು. ಅಡುಗೆಮನೆಯಿಂದ ಗೇಟಿನವರೆಗೆ ಒಂದು ಹನಿ ಚೆಲ್ಲಿರಲಿಲ್ಲ.

“ಹಿಡ್ಕೊ,” ಎಂದರು.

ಹಿಡಿದುಕೊಂಡ. ಕಾಫಿ ತುಳುಕಿ ಬೆರಳಿನ ಮೇಲೆ, ಮಣಿಕಟ್ಟಿನ ಮೇಲೆ, ಅಂಗಿಯ ತೋಳಿನ ಮೇಲೆ ಚೆಲ್ಲಿತು.

ಸೋಮಮ್ಮ ಅವನ ಕೈಯನ್ನೇ ನೋಡುತ್ತಿದ್ದರು.

“ವಯಸ್ಸಾಯ್ತಲ್ವಾ,” ಎಂದರು. ನಗಲಿಲ್ಲ.