ಮುಯ್ಯಿ ಸಂಕ

ಕಕ್ಕಬೆಯ ಮೇಲಣ ಹೊಳೆದಂಡೆಯಲ್ಲಿ ಈ ಕತೆಯನ್ನು ಗಂಡಸರು ಮರದ ದಿಮ್ಮಿಯಿಂದ ಆರಂಭಿಸುತ್ತಾರೆ, ಹೆಂಗಸರು ಕತ್ತಿಯಿಂದ. ಹೆಂಗಸರು ಹೇಳುವ ಪಾಠವೇ ಹೆಚ್ಚು ಪೂರ್ಣವಾದದ್ದು. ಅದು ಹೀಗಿದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಹೊಳೆಯ ಈಚೆ ದಡದ ಹೊಸ ಶಾಲೆಗೆ ಬಿಟ್ಟಂಗಾಲದ ಯಮುನ ಉಪಾಧ್ಯಾಯಿನಿಯಾಗಿ ಬಂದಳು. ಮಕ್ಕಳ ಮನೆಗಳಿದ್ದದ್ದು ಆಚೆ ದಡದಲ್ಲಿ. ಮಳೆ ಹಿಡಿದರೆ ಹೊಳೆ ದಾಟುವವರಿಲ್ಲ. ಜಡಿಮಳೆಯ ಆಟಿ ತಿಂಗಳಿಡೀ ಅವಳು ಬರಿಯ ಬೆಂಚುಗಳಿಗೆ ಪಾಠ ಹೇಳಿದಳು. ತನಿಖೆಗೆ ಬಂದ ಅಧಿಕಾರಿ ಮಾತು ಬೆಳೆಸಲಿಲ್ಲ. ಬರುವ ಮಳೆಗಾಲದಲ್ಲೂ ಹೀಗೇ ಆದರೆ ಶಾಲೆ ಮುಚ್ಚುತ್ತದೆ ಎಂದು ಹೇಳಿ ಹೋದ. ಯಮುನಳಿಗೆ ಮೊದಲು ನೆನಪಾದವಳು ಚೋಮಿ: ಬಂಡೆಯ ಮೇಲೆ ಒದ್ದೆ ಬೆರಳಿನಿಂದ ಪದ ಬರೆದು, ಅದು ಆರುವ ಮೊದಲೇ ಓದಿ ಮುಗಿಸುವ ಹುಡುಗಿ.

ವಿರಾಜಪೇಟೆಯಲ್ಲಿ ಓದುತ್ತಿದ್ದ ತಮ್ಮ ಪೂವಯ್ಯನಿಗೆ ಯಮುನ, ಹೊಳೆಗೊಂದು ಸಂಕ, ಅಂದರೆ ಕಾಲುಸೇತುವೆ, ಕಟ್ಟೋಣ ಬಾ ಎಂದು ಹೇಳಿಕಳುಹಿಸಿದಳು. ಹೊಸ ಭತ್ತದ ಹಬ್ಬ ಹುತ್ತರಿ ಕಳೆದದ್ದೇ ತಡ, ಅವನು ಗೆಳೆಯ ಗೆಳತಿಯರನ್ನು ಕಟ್ಟಿಕೊಂಡು, ಹಾರೆ ಪಿಕಾಸಿ ಹೊತ್ತು ಬಂದ. ಹಲಗೆಯೊಂದರ ಮೇಲೆ ಸುಣ್ಣದಲ್ಲಿ ‘ಶ್ರಮದಾನ’ ಎಂದು ದಪ್ಪಗೆ ಬರೆದು ದಡದಲ್ಲಿ ನೆಟ್ಟರು. ಸಂಕಕ್ಕೆ ಬೇಕಾದ ಮರವೂ, ಹೊಳೆಯ ಸ್ವಭಾವ ಬಲ್ಲವರೂ ಊರಿನವರೇ. ಅವರೋ ಆಚೆ ದಡದಲ್ಲಿ ಕೈಕಟ್ಟಿ ನಿಂತರು.

“ಬನ್ನಿ ಅಜ್ಜ, ಸಂಕ ನಿಮ್ಮೂರಿಗೇ ಅಲ್ವಾ?” ಎಂದು ಪೂವಯ್ಯ ಕೂಗಿದ.

ಊರ ಹಿರಿಯ ಕುಟ್ಟಪ್ಪ ಎಲೆಯಡಿಕೆ ಉಗುಳಿದ. “ದಾನ ಕೊಡ್ದು ಸತ್ತ ಮನೆಲಿ. ನಮ್ಮೂರ್ಲಿ ಯಾರ್ ಸತ್ತದ್ ಮಾರಾಯ?”

ಆಚೆ ದಡ ನಕ್ಕಿತು. ಪೂವಯ್ಯನ ಕಿವಿ ಕೆಂಪಾಯಿತು. ಆದರೆ ಯಮುನಳಿಗೆ ಆ ನಗೆಯೊಳಗಿನ ನೋವು ಕೇಳಿಸಿತು. ಕೈಕಾಲು ಗಟ್ಟಿಯಿದ್ದವರ ಮುಂದೆ ಪೂವಯ್ಯನ ತಂಡ ದಾನದ ಹಲಗೆ ನೆಟ್ಟಿತ್ತು.

ಅವಳು ಹೊಳೆ ದಾಟಿ ಕುಟ್ಟಪ್ಪನ ಹೆಂಡತಿ ಬೊಳ್ಳಮ್ಮನ ಅಂಗಳಕ್ಕೆ ಹೋದಳು. ಕೆಳಗೆ ಗದ್ದೆಯಲ್ಲಿ ಭತ್ತ ಹಣ್ಣಾಗಿ ಬಾಗಿತ್ತು.

“ಇನ್ನೂ ಕೊಯ್ದಿಲ್ವಾ ಅತ್ತೆ?”

“ಆಳ್ ಎಲ್ಲಿ ಉಟ್ಟು ಮಗಳೆ? ಎಲ್ಲ ಎಸ್ಟೇಟಿಗೆ ಕಾಫಿ ಪಿಕ್ಕಿಂಗಿಗೆ ಹೋದೊ.”

ಯಮುನಳಿಗೆ ತನ್ನೂರು ನೆನಪಾಯಿತು. ಬಿಟ್ಟಂಗಾಲದಲ್ಲಿ ಅವಳ ತಾಯಿ ಕೂಲಿಗೆ ಯಾರನ್ನೂ ಕರೆದವಳಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದರ ಹೆಸರು ಮುಯ್ಯಿ. ಮುಯ್ಯಿ ತೀರಿಸದ ಮನೆಯ ಹೆಣ್ಣು ಬಾವಿಕಟ್ಟೆಯಲ್ಲಿ ತಲೆಯೆತ್ತುವಂತಿರಲಿಲ್ಲ. ಯಮುನ ಹಿಂದಿರುಗಿದವಳೇ ಹಲಗೆಯ ಸುಣ್ಣವನ್ನು ಸೆರಗಿನಿಂದ ಒರೆಸಿದಳು.

ಮರುದಿನ ಬೆಳಗ್ಗೆ ಇಡೀ ತಂಡ ಬೊಳ್ಳಮ್ಮನ ಗದ್ದೆಯ ಬದುವಿನ ಮೇಲೆ ನಿಂತಿತ್ತು. “ಕತ್ತಿ ಕೊಡಿ ಅತ್ತೆ. ಮುಯ್ಯಿಗೆ ಬಂದದ್ದು,” ಎಂದಳು ಯಮುನ.

ಪೇಟೆಯ ಹುಡುಗರ ಕೊಯ್ಲು ನೋಡಲು ಊರೇ ನೆರೆಯಿತು. “ಭತ್ತ ಕೊಯ್ಯಿಕೆ ಹೇಳ್ದ್, ಕ್ಷೌರ ಮಾಡಿಕೆ ಅಲ್ಲ!” ಎಂದು ಬೊಳ್ಳಮ್ಮ ಪೂವಯ್ಯನ ಕೈಯನ್ನೇ ಹಿಡಿದು ತಿದ್ದಿದಳು. ಅಂಗೈ ಬೊಬ್ಬೆಯೆದ್ದರೂ ಆ ಮಕ್ಕಳು ಗದ್ದೆ ಬಿಟ್ಟು ಕದಲಲಿಲ್ಲ. ಆ ಗದ್ದೆ ಮುಗಿಸಿ ಪಕ್ಕದ್ದಕ್ಕೆ ಇಳಿದರು, ಅದು ಮುಗಿಸಿ ಅದರ ಪಕ್ಕದ್ದಕ್ಕೆ. ಊಟಕ್ಕೆ ಮನೆಯವರ ಪಂಕ್ತಿಯಲ್ಲೇ ಎಲೆ ಬಿತ್ತು.

ಕೊಯ್ಲು ಮುಗಿದ ಮರುದಿನ ಕುಟ್ಟಪ್ಪ ತಾನಾಗಿ ಕೊಡಲಿ ಹೆಗಲಿಗೇರಿಸಿ ಹೊಳೆಗೆ ಬಂದ. ಅವನ ಹಿಂದೆ ಮನೆಗೊಬ್ಬರಂತೆ ಊರು ಬಂತು. ಕಲ್ಲುಕಂಬ ಎಬ್ಬಿಸುವ ಲೆಕ್ಕ ಪೂವಯ್ಯನ ಗೆಳೆಯರದು. ನೆರೆ ಎಲ್ಲಿಗೆ ಏರುತ್ತದೆಂಬ ತಿಳಿವು ಕುಟ್ಟಪ್ಪನದು. ಒಬ್ಬರ ಮಾತನ್ನು ಇನ್ನೊಬ್ಬರು ಅಳೆದು ನೋಡಿದರು, ಬೈದಾಡಿದರು, ಕೊನೆಗೆ ಒಪ್ಪಿದರು. ಬೇಸಗೆಯ ಮಳೆಗೆ ಮುಂಚೆ ಸಂಕ ನಿಂತಿತು. ದಾಟುವಾಗ ಹಿಡಿದುಕೊಳ್ಳುವ ಕೈಹಿಡಿಯ ಬಿದಿರು ಮಾತ್ರ ಒಂದೇ ಬದಿಗೆ.

“ಇನ್ನೊಂದು ಬದಿ?” ಎಂದಳು ಯಮುನ.

“ಅದ್ ಇರ್ಲಿ ಟೀಚರೆ,” ಎಂದ ಕುಟ್ಟಪ್ಪ. “ ಮುಯ್ಯಿ ಪೂರಾ ತೀರ್ಸಿರೆ ನೆಂಟಸ್ತಿಕೆನೂ ತೀರ್ತದೆ. ಬರೊ ವರ್ಷ ಕೊಯ್ಲಿಗೆ ಬನ್ನಿ, ಆಗ ಕಟ್ಟುವ.”

ಆಟಿಯಲ್ಲಿ ಹೊಳೆ ಕೆಂಪಾಗಿ ಮೊರೆಯಿತು. ಚೋಮಿ ತಲೆಯ ಮೇಲೆ, ಮಳೆಗೆಂದು ಎಲೆ ಹೆಣೆದ ಗೊರಬೆ ಹೊತ್ತು, ಒಂದು ಕೈಯಲ್ಲಿ ಬಿದಿರು ಹಿಡಿದು ಮುಂದೆ ಬಂದಳು. ಅವಳ ಹಿಂದೆ ಗೊರಬೆಗಳ ಸಾಲೇ ಬಂತು. ಮತ್ತೆ ಬಂದ ಅಧಿಕಾರಿಗೆ ಕೂರಲು ಬೆಂಚಿನಲ್ಲಿ ಜಾಗವಿರಲಿಲ್ಲ. ಹೊರಡುವಾಗ ಆತ ಸಂಕವನ್ನು ನೋಡಿ, ಇನ್ನೊಂದು ಬದಿಗೇಕೆ ಕೈಹಿಡಿಯಿಲ್ಲ ಎಂದು ಕೇಳಿದನಂತೆ.

ಉತ್ತರ ಕೊಟ್ಟವಳು ಚೋಮಿ. “ಅದ್ ಬರೊ ವರ್ಷದ್ದ್ ಸಾರ್. ನೆಂಟ್ರು ಬರಿಕೆ ಉಟ್ಟು.”