ಕಾವಿ ಉಟ್ಟ ಅಣ್ಣ

ಅಮ್ಮನ ಚಿತೆಗೆ ಬೆಂಕಿ ಇಡುವ ದಿನ ಖಮ್ಸಿಂಗನ ತಲೆ, ಹುಬ್ಬು ಬೋಳಿಸಿ ಕಾವಿ ಉಡಿಸಿದರು. ಮಗ ಭಿಕ್ಷುವಾದರೆ ಸತ್ತ ತಾಯಿಗೆ ಪುಣ್ಯ. ಥಾಯ್ಲೆಂಡಿನ ಮೂನ್ ನದಿಯ ದಂಡೆಯ ಆ ಊರಿನಲ್ಲಿ ಹೆಚ್ಚಿನವರು ಸಂಜೆಗೇ ಕಾವಿ ಬಿಚ್ಚಿ ಮನೆಗೆ ಮರಳುತ್ತಾರೆ. ಆದರೆ ಬುವಾ ಚಿಕ್ಕಮ್ಮ ಹಟ ಹಿಡಿದಳು.

"ಹದಿನೈದು ದಿನ ವಿಹಾರದಲ್ಲೇ ಇರ್ಲಿ. ಹಂಗಾದ್ರೂ ಸಾರಾಯಿ ಬಿಡ್ತಾನೆ. ಅಕ್ಕ ಬದುಕಿದ್ದಾಗಂತೂ ಅದನ್ನ ನೋಡೋ ಭಾಗ್ಯ ಅವಳಿಗಿರ್ಲಿಲ್ಲ."

"ಪಾಪ, ಸಾರಾಯಿ ಅಂಗಡಿಯವಳು ಉಪವಾಸ ಬೀಳ್ತಾಳಲ್ಲ," ಎಂದರು ಯಾರೋ. ಹೆಣದ ಮುಂದೆಯೇ ಎಲ್ಲರೂ ನಕ್ಕರು. ಖಮ್ಸಿಂಗನೂ ನಕ್ಕ.

"ಇರ್ತೀನಿ ಚಿಕ್ಕಮ್ಮ," ಎಂದ. "ಅಮ್ಮಂಗೆ ಇದೊಂದನ್ನಾದ್ರೂ ಮಾಡ್ತೀನಿ."

ತಂಗಿ ಲಮಾಯ್ ಚಿತೆಯ ಪಕ್ಕದಿಂದ ಅವನನ್ನೇ ನೋಡಿದಳು. ಹೆಂಡತಿ ಬಿಟ್ಟುಹೋದಾಗಿನಿಂದ ಅಣ್ಣ ಅಕ್ಕಿಯ ಸಾರಾಯಿಯಲ್ಲೇ ಮುಳುಗಿದ್ದ. ಬೆಳಗಾದರೆ ಅವನ ಕೈ ಚಮಚ ಹಿಡಿಯಲಾರದಷ್ಟು ನಡುಗುತ್ತಿತ್ತು. ಅಮ್ಮನೇ ಒಂದು ಲೋಟ ಬಗ್ಗಿಸಿ ಬಾಯಿಗೆ ಹಿಡಿಯುತ್ತಿದ್ದಳು. "ನೀನೇ ಅವನನ್ನ ಹಾಳು ಮಾಡ್ತಿರೋದು," ಎಂದು ಲಮಾಯ್ ಎಷ್ಟೋ ಸಲ ಜಗಳವಾಡಿದ್ದಳು. ಅಮ್ಮ ಮಾತ್ರ, "ಕುಡೀದಿದ್ರೆ ಅವನ ಮುಖ ನೋಡೋಕಾಗಲ್ಲ ಕಣೇ," ಎನ್ನುತ್ತಿದ್ದಳು.

ಮರುದಿನ ಲಮಾಯ್ ಅನ್ನದ ಬುಟ್ಟಿ ಹಿಡಿದು ವಿಹಾರಕ್ಕೆ ಹೋದಳು. ಹೆಂಗಸು ಭಿಕ್ಷುವನ್ನು ಮುಟ್ಟುವಂತಿಲ್ಲ. ಅವನು ಹಾಸಿದ ಬಟ್ಟೆಯ ಮೇಲೆ ಬುಟ್ಟಿ ಇಟ್ಟಳು. ಅದನ್ನು ಎಳೆದುಕೊಳ್ಳಲೂ ಅವನ ಕೈಯಲ್ಲಾಗಲಿಲ್ಲ. ಕಾವಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು.

"ಲಮಾಯ್, ಒಂದೇ ಒಂದು ಗುಟುಕು," ಎಂದು ಪಿಸುಗುಟ್ಟಿದ. "ಔಷಧಿ ಅಂತ ಹೇಳಿ ತಂದ್ಕೊಡು. ಎದೆಯೊಳಗೆ ಏನೋ ಓಡ್ತಾ ಇದೆ."

"ಅಮ್ಮನ ಬೂದಿ ಇನ್ನೂ ಆರಿಲ್ಲ ಅಣ್ಣ."

ಅವನು ತಲೆ ತಗ್ಗಿಸಿದ. ಮತ್ತೆ ಕೇಳಲಿಲ್ಲ. ದಾರಿಯಲ್ಲಿ ಸಿಕ್ಕ ಚಿಕ್ಕಮ್ಮನಿಗೆ ಅಣ್ಣನ ಸ್ಥಿತಿ ಹೇಳಿದಾಗ ಅವಳು, "ಮೈಯಲ್ಲಿರೋ ವಿಷ ಇಳೀತಿದೆ ಬಿಡು. ಮತ್ತೆ, ಅಣ್ಣ ಅನ್ನಬೇಡ, ಈಗ ಅವರು ಭಿಕ್ಷು, ಭಂತೆ ಅನ್ನು," ಎಂದಳು. ಲಮಾಯ್ ಆ ಮಾತನ್ನೇ ನಂಬಿಕೊಂಡು ಮನೆಗೆ ಬಂದಳು. ನಂಬಬೇಕೆಂದು ಅವಳಿಗೂ ಆಸೆಯಿತ್ತು.

ಅದರ ಮಾರನೆಯ ಬೆಳಿಗ್ಗೆ ಖಮ್ಸಿಂಗ್ ವಿಹಾರದ ಕಂಬಕ್ಕೆ ಒರಗಿ ಕೂತು ಕಾವಿಯಿಂದ ಏನನ್ನೋ ಕಿತ್ತು ಕಿತ್ತು ಎಸೆಯುತ್ತಿದ್ದ. "ಕೆಂಪಿರುವೆ," ಎಂದ. "ಅಮ್ಮಾ, ಚಾಪೆ ಕೊಡವಿ ಹಾಕೇ." ಎದುರಿಗೆ ಖಾಲಿ ಜಗಲಿಯಿತ್ತು. ಲಮಾಯ್ ಬುಟ್ಟಿ ಇಡುವಷ್ಟರಲ್ಲಿ ಅವನ ಕಣ್ಣು ಮೇಲಕ್ಕೆ ಹೊರಳಿತು. ಮೈ ಸೆಟೆದು ನೆಲಕ್ಕೆ ಬಿತ್ತು. ಬೋಳುತಲೆ ನೆಲದ ಹಲಗೆಗೆ ಬಡಿಯತೊಡಗಿತು, ಬಾಯಲ್ಲಿ ರಕ್ತ ಬೆರೆತ ನೊರೆ.

"ಮುಟ್ಟಬೇಡ ಕಣೇ, ಪಾಪ ಸುತ್ಕೊಳುತ್ತೆ," ಎಂದು ಜೊತೆಗೆ ಬಂದಿದ್ದ ಚಿಕ್ಕಮ್ಮ ಹಿಂದಿನಿಂದ ಕೂಗಿದಳು.

ಲಮಾಯ್‌ಳ ಕೈ ಅಷ್ಟಕ್ಕೇ ನಿಂತಿತು. ಆ ತಲೆ ಮತ್ತೆ ಹಲಗೆಗೆ ಬಡಿಯಿತು. ಅವಳು ಕುಸಿದು ಕೂತು ಅದನ್ನು ತೊಡೆಯ ಮೇಲೆಳೆದುಕೊಂಡಳು. ಅಷ್ಟರಲ್ಲಿ ಹಿರಿಯ ಭಿಕ್ಷು ಓಡಿಬಂದರು. ಲಮಾಯ್ ತಪ್ಪೊಪ್ಪಿಕೊಳ್ಳುವವಳಂತೆ ಅವರ ಮುಖ ನೋಡಿದಳು.

"ಬಿಡಬೇಡ ತಾಯಿ. ಒಂದು ಮಗ್ಗುಲಿಗೆ ಹೊರಳಿಸು, ಉಸಿರು ಕಟ್ಟೀತು," ಎಂದು ಅವರೂ ಮಂಡಿಯೂರಿದರು. "ಬುವಾ, ಕೂಗಿದ್ದು ಸಾಕು. ಗಾಡಿ ತರಿಸು."

ತಾಲ್ಲೂಕಿನ ಆಸ್ಪತ್ರೆ ಮುಟ್ಟುವ ಮೊದಲೇ ಪಿಕಪ್ ಗಾಡಿಯ ಹಿಂಬದಿಯಲ್ಲಿ ಅವನಿಗೆ ಇನ್ನೊಮ್ಮೆ ಸೆಳೆತ ಬಂತು. ಆಸ್ಪತ್ರೆಯಲ್ಲಿ ಕಾವಿ ಬಿಚ್ಚಿ, ಕೈಕಾಲುಗಳನ್ನು ಮಂಚಕ್ಕೆ ಕಟ್ಟಿದರು.

"ದಿನಾ ಬೆಳಿಗ್ಗೆ ಎದ್ದ ಕೂಡಲೇ ಕುಡೀತಿದ್ರಾ?" ಎಂದು ಡಾಕ್ಟರಮ್ಮ ಕೇಳಿದಳು.

"ಅಮ್ಮ ಕುಡಿಸ್ತಿದ್ಲು."

"ಅಂಥವರು ಒಂದೇ ಸಲ ಬಿಟ್ರೆ ಜೀವಕ್ಕೇ ಕುತ್ತು ಬರುತ್ತೆ. ಮೊದಲೇ ಇಲ್ಲಿಗೆ ತಂದಿದ್ರೆ ಔಷಧಿ ಕೊಟ್ಟು ಮೆಲ್ಲಗೆ ಬಿಡಿಸಬಹುದಿತ್ತು."

"ಬಿಡೋದು ಒಳ್ಳೇದು ಅಂದ್ಕೊಂಡ್ವಿ," ಎಂದಳು ಲಮಾಯ್.

"ಎಲ್ಲರೂ ಹಾಗೇ ಅಂದ್ಕೊಳ್ಳೋದು," ಎಂದು ಡಾಕ್ಟರಮ್ಮ ಸೂಜಿಗೆ ಕೈ ಹಾಕಿದಳು.

ಖಮ್ಸಿಂಗ್ ಕಟ್ಟು ಹರಿಯುವಂತೆ ಕೊಸರಾಡಿದ. ಅಲ್ಲಿಲ್ಲದವರನ್ನೆಲ್ಲ ಬೈದ, ತಂಗಿಯನ್ನು ಓಡಿಹೋದ ಹೆಂಡತಿಯೆಂದು ತಿಳಿದು ಮುಖಕ್ಕೆ ಉಗುಳಿದ. ಅವಳು ಒರೆಸಿಕೊಂಡು ಅಲ್ಲೇ ಕೂತಳು. ಚಿಕ್ಕಮ್ಮ ಬಾಗಿಲವರೆಗೆ ಬಂದು, ಒಳಗೆ ಕಾಲಿಡಲಾಗದೆ, ಹಣ್ಣಿನ ಚೀಲ ಇಟ್ಟು ಹೊರಟುಹೋದಳು.

ಜೀವ ಉಳಿಯಿತು. ಜ್ವರ ಇಳಿದು, ಕಟ್ಟು ಬಿಚ್ಚಿದ ಮೇಲೆ ಖಮ್ಸಿಂಗ್ ಬೋಳುತಲೆ ಸವರಿಕೊಂಡು ಬೆಚ್ಚಿದ. "ಇದ್ಯಾಕೆ? ಯಾರು ಸತ್ರು?"

ಲಮಾಯ್ ಹೇಳಿದಳು. ಅವನು ಗೋಡೆಯ ಕಡೆ ತಿರುಗಿ, ಈಗಷ್ಟೇ ಸುದ್ದಿ ಕೇಳಿದವನಂತೆ, ಮಗುವಿನ ಹಾಗೆ ಅತ್ತ. ಅವನನ್ನು ಸಮಾಧಾನಪಡಿಸುತ್ತ ಅವಳೂ ಅತ್ತಳು. ಮರುದಿನ ಎದ್ದವನೇ ಅದನ್ನೇ ಕೇಳಿದ. ಅವಳು ಮತ್ತೆ ಹೇಳಿದಳು, ಅವನು ಮತ್ತೆ ಅಷ್ಟೇ ಅತ್ತ.

"ನೆನಪು ಸ್ವಲ್ಪ ಬರಬಹುದು, ಬರದೇನೂ ಇರಬಹುದು," ಎಂದಳು ಡಾಕ್ಟರಮ್ಮ.

ಮನೆಗೆ ಬಂದ ದಿನ ಖಮ್ಸಿಂಗ್ ಗೋಡೆ ಹಿಡಿದು ಹಿಡಿದು ಒಳಗೆ ನಡೆದ. ಸಾರಾಯಿ ಕೇಳಲಿಲ್ಲ. ಅಡಿಗೆಮನೆಯ ಕಡೆ ಇಣುಕಿ, "ಅಮ್ಮ ಎಲ್ಲಿ?" ಎಂದ. ಚಿಕ್ಕಮ್ಮ ಹೆಗಲ ವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು.

ಲಮಾಯ್ ಅನ್ನವನ್ನು ಸಣ್ಣ ಉಂಡೆ ಕಟ್ಟಿ ಅವನ ಕೈಗಿಟ್ಟಳು. "ಸಂತೆಗೆ ಹೋಗಿದ್ದಾಳೆ. ನೀನು ಉಣ್ಣು."

ಅವನು ಉಂಡ. ಆ ಸುಳ್ಳು ತನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದು ಲಮಾಯ್‌ಗೆ ಭಯವಾಯಿತು.